ಅವರ ನೀರಿನ ಸುತ್ತು ಇನ್ನು ಯಾರದು?

ಪುಣೆಯ ಟೇಕಡಿಗಳ, ಅಂದರೆ ಊರೊಳಗಿನ ಸಣ್ಣ ಗುಡ್ಡಗಳ, ಮೇಲೆ ಗಿಡ ನೋಡಿಕೊಳ್ಳುವ ಗುಂಪುಗಳಲ್ಲಿ ಬೆಳಿಗ್ಗೆ ಆರಕ್ಕೆ ತಪ್ಪದೆ ಬರುವವರು ಬಹುಪಾಲು ನಿವೃತ್ತರು. ಬ್ಯಾಂಕು, ರೈಲ್ವೆ, ಶಾಲೆ, ಖಡಕಿಯ ಕಾರ್ಖಾನೆ ಎಂದು ಎಲ್ಲೆಲ್ಲೋ ದುಡಿದು ಮುಗಿಸಿ ಗುದ್ದಲಿ ಹಿಡಿದವರು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ಬಂದು ಇಲ್ಲೇ ನೆಲೆನಿಂತ ಕನ್ನಡದವರೂ ಅವರಲ್ಲಿ ಇದ್ದಾರೆ. ವಯಸ್ಸಾದವರ ಗುಂಪು ಅಂದಮೇಲೆ ಒಬ್ಬೊಬ್ಬರಾಗಿ ಹೋಗುವುದೂ ಇದ್ದದ್ದೇ. ಆಗ ಎಲ್ಲರಿಗೂ ತಕ್ಷಣ ಹೊಳೆಯುವುದು ಶೋಕಸಭೆ, ಹಾರ ಹಾಕಿದ ಫೋಟೊ, ಅವರ ಹೆಸರಿನಲ್ಲಿ ಒಂದು ಸಸಿ. ಇವೆಲ್ಲ ತಡವಾದರೂ ನಡೆಯುತ್ತದೆ. ತಡವಾದರೆ ನಡೆಯದ ಕೆಲಸ ಒಂದಿದೆ. ಫೆಬ್ರವರಿಯಲ್ಲಿ ಒಬ್ಬರು ತೀರಿಕೊಂಡರೆ, ಅವರು ನೀರುಣಿಸುತ್ತಿದ್ದ ಮೊದಲ ವರ್ಷದ ಸಸಿಗಳು ಹದಿಮೂರನೇ ದಿನದ ಊಟ ಮುಗಿಯುವ ಹೊತ್ತಿಗೆ ಎಲೆ ಜೋಲು ಬಿಟ್ಟಿರುತ್ತವೆ. ಮಾರ್ಚ್ ಕೊನೆಯಲ್ಲಿ ನೆನಪಾಗಿ ಹೋದರೆ ಉಳಿಸಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ.

ಹಾಗಾಗಿ ಮೊದಲು ಹುಡುಕಬೇಕಾದದ್ದು ಅವರ ಸುತ್ತು. ಒಬ್ಬೊಬ್ಬರು ತಮ್ಮದೆಂದು ಹಿಡಿದುಕೊಂಡ ಗಿಡಗಳ ದಾರಿಗೆ ನಾವು ಹಾಗೆನ್ನುತ್ತೇವೆ. ಸುತ್ತಿನಲ್ಲಿ ನಲವತ್ತು ಗಿಡ ಇವೆ ಎಂದಿಟ್ಟುಕೊಳ್ಳಿ. ಗಿಡಕ್ಕೆ ವಾರಕ್ಕೆ 5 ಲೀಟರಿನಂತೆ 200 ಲೀಟರ್ ಬೇಕು, ಅಂದರೆ 200 ಕಿಲೋ ಭಾರ. ಎರಡೂ ಕೈಯಲ್ಲಿ 5 ಲೀಟರಿನ ಕ್ಯಾನ್ ಹಿಡಿದರೂ ಇಪ್ಪತ್ತು ಸಲ ಏರಬೇಕು. ಎಪ್ಪತ್ತು ದಾಟಿದವರು ದಿನಕ್ಕೆ ಆರು ಗಿಡದಂತೆ ಹಂಚಿಕೊಂಡು ವರ್ಷಗಟ್ಟಲೆ ಇದನ್ನು ಸದ್ದಿಲ್ಲದೆ ಮಾಡಿದ್ದಾರೆ. ಸದ್ದಿಲ್ಲದೆ ಮಾಡಿದ್ದೇ ತೊಡಕು. ಯಾವ ಗಿಡ, ಎಷ್ಟು ನೀರು, ಕ್ಯಾನ್ ಎಲ್ಲಿ ಬಚ್ಚಿಟ್ಟಿದ್ದಾರೆ, ಯಾವುದೂ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಮನೆಯವರನ್ನು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಎಲ್ಲಿ ಹೋಗ್ತಿದ್ರೋ ನಮಗೇನ್ ಗೊತ್ತಿಲ್ಲರೀ. ಬರೂವಾಗ ಸಾಕ್ಸ್ ತುಂಬ ಹುಲ್ಲಿನ ಮುಳ್ಳು ಇರ್ತಿದ್ವು." ಈ ಮಾತಿನಲ್ಲೂ ಸುಳಿವಿದೆ. ಬಟ್ಟೆಗೆ ಚುಚ್ಚಿಕೊಳ್ಳುವ ಕುಸಳಿ ಹುಲ್ಲು ಬಿಸಿಲು ಬೀಳುವ ಬಯಲು ಇಳಿಜಾರಿನಲ್ಲಿ ಬೆಳೆಯುತ್ತದೆ, ಗ್ಲಿರಿಸಿಡಿಯಾ ಮರಗಳ ದಟ್ಟ ನೆರಳಿನಲ್ಲಿ ಬೆಳೆಯುವುದಿಲ್ಲ. ಆದ್ದರಿಂದ ಅವರ ಗಿಡಗಳನ್ನು ಬಯಲಿನ ಕಡೆ ಹುಡುಕಬೇಕು. ಮನೆಯವರಿಗಿಂತ ಚೆನ್ನಾಗಿ ಹೇಳುವವರು ಅದೇ ಹೊತ್ತಿಗೆ ವಾಕಿಂಗ್ ಬರುವವರು. "ಆ ಕ್ಯಾನ್ ಕಾಕಾ ಎಲ್ಲಿ ಕಾಣ್ತಿದ್ರು?" ಎಂದು ಕೇಳಿದರೆ ಬೆರಳು ತೋರಿಸುತ್ತಾರೆ. ನಿಜವಾದ ಹೆಸರು ಅವರಲ್ಲಿ ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ.

ಶೋಕಸಭೆಯನ್ನು ನಾವು ಈ ಕೆಲಸಕ್ಕೆ ಬಳಸಿಕೊಳ್ಳುತ್ತೇವೆ. ಬಂದವರ ಕೈಗೆ ಒಂದೊಂದು ಚೀಟಿ: ಅವರು ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ, ಏನು ಕೆಲಸ ಮಾಡುವುದನ್ನು ನೀವು ಕಂಡಿರಿ. ಭಾಷಣದಲ್ಲಿ "ಪ್ರಕೃತಿಪ್ರೇಮಿ" ಎಂದು ಹತ್ತು ಸಲ ಬಂದರೂ ಪ್ರಯೋಜನವಿಲ್ಲ. "ಮೂರನೇ ಬಂಡೆಯ ಹಿಂದೆ ನೀಲಿ ಕ್ಯಾನ್ ಇಡುತ್ತಿದ್ದರು" ಎಂಬ ಒಂದು ಚೀಟಿ ಹತ್ತಾರು ಗಿಡ ಉಳಿಸುತ್ತದೆ.

ಆಮೇಲೆ ಇಬ್ಬರು ಮೂವರು ನಡೆದು ನೋಡುವುದು. ಮನುಷ್ಯ ಮುಟ್ಟಿದ ಗಿಡಕ್ಕೆ ಗುರುತುಗಳಿರುತ್ತವೆ. ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದಂತೆ ಏರಿಸಿದ ಮಣ್ಣು, ಬುಡದ ಸುತ್ತ ಜೋಡಿಸಿದ ಕಲ್ಲು, ಸೀರೆಯ ಅಂಚಿನಿಂದ ಕಟ್ಟಿದ ಬಿದಿರು ಕೋಲು. ಮೊಬೈಲ್ ಜಿಪಿಎಸ್ ಐದು ಹತ್ತು ಮೀಟರ್ ಆಚೀಚೆ ತೋರಿಸುವುದರಿಂದ ಅದನ್ನೊಂದೇ ನಂಬುವಂತಿಲ್ಲ. ಗುಂಪಿನ ದಾಖಲೆಯ ವಹಿಯಲ್ಲಿ "ಚಪ್ಪಟೆ ಬಂಡೆಯಿಂದ ಪೂರ್ವಕ್ಕೆ 12 ಹೆಜ್ಜೆ, ಕಕ್ಕೆ, ಎದೆಯೆತ್ತರ" ಎಂದೂ ಬರೆಯಬೇಕು. ಗುರುತಿನ ಸಂಖ್ಯೆಯನ್ನು ಕಾಂಡಕ್ಕೆ ತಂತಿಯಿಂದ ಕಟ್ಟಬಾರದು. ಕಾಂಡ ದಪ್ಪಗಾದಂತೆ ತಂತಿ ತೊಗಟೆಯೊಳಗೆ ಇಳಿದು ಎಲೆಯಿಂದ ಬೇರಿಗೆ ಹೋಗುವ ಆಹಾರದ ದಾರಿಯನ್ನು ಕತ್ತರಿಸುತ್ತದೆ. ಅಂಗೈಯಗಲದ ಕಪ್ಪು ಕಲ್ಲಿನ ಮೇಲೆ ಆಯಿಲ್ ಪೇಂಟಿನಲ್ಲಿ ಸಂಖ್ಯೆ ಬರೆದು ಗಿಡದ ಮೇಲ್ಬದಿಗೆ ಊರಿದರೆ ಸಾಕು. ಬರೆದ ಮುಖ ಉತ್ತರಕ್ಕಿದ್ದರೆ ಬಿಸಿಲು ಕಡಿಮೆ ತಾಗಿ ಬಣ್ಣ ಹೆಚ್ಚು ಕಾಲ ಉಳಿಯುತ್ತದೆ.

ಬೇಸಿಗೆಯಲ್ಲಿ ಎಲೆ ಉದುರಿದ ಮೇಲೆ ಯಾವುದು ಬದುಕಿದೆ ಯಾವುದು ಸತ್ತಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಉಗುರಿನಿಂದ ತೊಗಟೆ ಒಂದಿಷ್ಟು ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವ ಇದೆ. ತುದಿ ಒಣಗಿದ್ದರೆ ಕೆಳಗೆ ಕೆಳಗೆ ಕೆರೆಯುತ್ತ ಬನ್ನಿ. ಮುತ್ತುಗದ ವಿಷಯದಲ್ಲಂತೂ ಬುಡದವರೆಗೆ ಒಣಗಿದ್ದರೂ ಕೀಳಬೇಡಿ. ಅದರ ಎಳೆಯ ಕಾಂಡ ಬೇಸಿಗೆಯಲ್ಲಿ ಸತ್ತು ಮಳೆಗೆ ಬೇರಿನಿಂದ ಮತ್ತೆ ಚಿಗುರುವುದು ಕೆಲವು ವರ್ಷ ನಡೆದೇ ಇರುತ್ತದೆ. ದಿಂಡಿಗವೂ ಹೀಗೆಯೇ. ಎರಡು ಮಳೆಗಾಲ ಕಾದ ಮೇಲೂ ಏನೂ ಕಾಣದಿದ್ದರೆ ಮಾತ್ರ ವಹಿಯಲ್ಲಿ ಅದರ ಸಾಲಿಗೆ ಗೀಟು.

ಸುತ್ತು ಸಿಕ್ಕಿದ ಮೇಲೆ ನೀರಿನ ಲೆಕ್ಕ. ಇಲ್ಲೊಂದು ನಾಜೂಕಿನ ಮಾತಿದೆ. ಪ್ರೀತಿ ಹೆಚ್ಚಾದವರು ದಿನಾ ಅರ್ಧ ಬಾಟಲಿ ಹಾಕುತ್ತಾರೆ. ಆ ನೀರು ಮೇಲಿನ ಎರಡು ಬೆರಳು ಮಣ್ಣನ್ನು ಮಾತ್ರ ತೋಯಿಸುವುದರಿಂದ ಬೇರು ಮೇಲೆಯೇ ಹರಡಿಕೊಂಡು, ಒಂದು ವಾರ ನೀರು ತಪ್ಪಿದರೆ ಗಿಡ ಕುಸಿಯುತ್ತದೆ. ಸರಿಯಾದ ಕ್ರಮ ಎಂದರೆ ಮೊದಲ ವರ್ಷ ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಜೂನ್‌ವರೆಗೆ ವಾರಕ್ಕೊಮ್ಮೆ 5 ಲೀಟರ್, ಎರಡನೇ ವರ್ಷ ಹದಿನೈದು ದಿನಕ್ಕೊಮ್ಮೆ 10 ಲೀಟರ್, ಮೂರನೇ ವರ್ಷ ಮಾರ್ಚ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ. ಆಮೇಲೆ ಬೇಡ. ಒಂದೇ ಸಲ ಸುರಿದರೆ ಇಳಿಜಾರಿನಲ್ಲಿ ಹರಿದು ಹೋಗುತ್ತದೆ. ಅರ್ಧ ಹಾಕಿ, ಮುಂದಿನ ಗಿಡಕ್ಕೆ ಹೋಗಿ, ಬರುವಾಗ ಉಳಿದರ್ಧ. ಆದರೆ ಹೋದವರು ದಿನಾ ಹಾಕಿ ರೂಢಿಸಿದ ಗಿಡಗಳಿಗೆ ಥಟ್ಟನೆ ವಾರದ ಲೆಕ್ಕ ತರಬಾರದು. ಆ ಬೇಸಿಗೆ ಪೂರ್ತಿ ಅವರ ಪದ್ಧತಿಯನ್ನೇ ನಡೆಸಿ, ಮಳೆ ಬಂದು ಹೋದ ಮೇಲೆ ಎರಡು ದಿನ, ನಾಲ್ಕು ದಿನ, ವಾರ ಎಂದು ಅಂತರ ಹೆಚ್ಚಿಸಬೇಕು. ವಾರಸುದಾರರಾಗಿ ಬಂದ ಹೊಸಬರು "ಕಾಕಾ ತಪ್ಪು ಮಾಡ್ತಿದ್ರು" ಎಂದು ಮೊದಲ ವಾರವೇ ಸುಧಾರಣೆಗೆ ಇಳಿಯುವುದೇ ಹೆಚ್ಚು ಗಿಡ ಕೊಲ್ಲುತ್ತದೆ.

ನೀರು ಎಲ್ಲಿಂದ? ಟ್ಯಾಂಕರಿನಿಂದ ತುಂಬಿಸುವ ಸಿಂಟೆಕ್ಸ್ ಟ್ಯಾಂಕುಗಳೇ ಆಧಾರ. ವೇತಾಳ ಟೇಕಡಿಯ ಹಳೆಯ ಕಲ್ಲುಗಣಿಯಲ್ಲಿ ಮಳೆನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಅದು ನವಿಲು ಮತ್ತಿತರ ಪ್ರಾಣಿಪಕ್ಷಿಗಳ ಪಾಲು. ಅಲ್ಲಿಂದ ಎತ್ತಬಾರದು ಎಂಬುದು ನಮ್ಮ ಕಟ್ಟುನಿಟ್ಟು.

ಬೀಜದವರು ತೀರಿಕೊಂಡಾಗ ಬೇರೆ ಬಗೆಯ ಆತುರ. ಗುಂಪಿಗೊಬ್ಬರಾದರೂ ಬೀಜ ಕೂಡಿಡುವವರು ಇರುತ್ತಾರೆ, ಬಹಳ ಸಲ ಹೆಂಗಸರು. ಹಾರ್ಲಿಕ್ಸ್ ಬಾಟಲಿ, ಮಾತ್ರೆಯ ಡಬ್ಬಿ, ಹಳೆಯ ಲಕೋಟೆಗಳು. ಮನೆ ಖಾಲಿ ಮಾಡುವಾಗ ಇವು ಕಸಕ್ಕೆ ಹೋಗುವ ಮೊದಲೇ ಕೇಳಿ ತರಬೇಕು. ಮೇಲೆ ಮರದ ಹೆಸರು, ತಾಯಿಮರದ ಜಾಗ, ತಿಂಗಳು ಬರೆದಿದ್ದರೆ ಅದೃಷ್ಟ. ಹೆಸರು ಬರೀ ರೂಢಿಯದ್ದಾದರೆ ಎಚ್ಚರ ಬೇಕು: ಇಲ್ಲಿ ಕುಡಾ ಎಂದರೆ ಎರಡು ಬೇರೆ ಬೇರೆ ಮರ. ಅದಕ್ಕೇ ವಹಿಯಲ್ಲಿ ಮರಾಠಿ, ಕನ್ನಡ ಹೆಸರಿನ ಪಕ್ಕ ಸಸ್ಯಶಾಸ್ತ್ರದ ಹೆಸರಿಗೂ ಒಂದು ಅಂಕಣ ಇಟ್ಟಿದ್ದೇವೆ.

ಎಲ್ಲ ಬೀಜಕ್ಕೂ ಆಯುಷ್ಯ ಒಂದೇ ಅಲ್ಲ. ಬೇವಿನ ಬೀಜ ಹಣ್ಣು ತೊಳೆದ ಮೇಲೆ ಎರಡು ಮೂರು ವಾರದೊಳಗೆ ಬಿತ್ತದಿದ್ದರೆ ಮೊಳೆಯುವುದು ಬಹಳ ಕಡಿಮೆ. ಕವಳಿ ಹಣ್ಣಿನದೂ ಅಷ್ಟೇ. ಮುತ್ತುಗದ ಚಪ್ಪಟೆ ಕಾಯಿ ಮೇ, ಜೂನ್‌ನಲ್ಲಿ ಮಾಗುತ್ತದೆ, ಆ ಮಳೆಗೇ ಬಿತ್ತಬೇಕು. ಡಬ್ಬಿಯಲ್ಲಿ ಹೋದ ವರ್ಷದ್ದು ಸಿಕ್ಕರೆ ಆಸೆ ಇಟ್ಟುಕೊಳ್ಳಬೇಡಿ. ಕಕ್ಕೆಯ ಕಥೆ ಬೇರೆ. ಕರಿ ಕೊಳವೆಯಂಥ ಕಾಯಿಯೊಳಗಿನ ಬೀಜಕ್ಕೆ ಗಟ್ಟಿ ಸಿಪ್ಪೆ ಇರುವುದರಿಂದ ವರ್ಷಗಳಾದರೂ ಕೆಡುವುದಿಲ್ಲ, ಹಾಗೆಯೇ ಬಿತ್ತಿದರೆ ಮೊಳೆಯುವುದೂ ಇಲ್ಲ. ನೀರು ಕುದಿಸಿ, ಒಲೆಯಿಂದ ಇಳಿಸಿ, ಅದರಲ್ಲಿ ಬೀಜ ಹಾಕಿ ಮರುದಿನದವರೆಗೆ ಬಿಡಿ. ಊದಿದವನ್ನು ಬಿತ್ತಿ, ಊದದವುಗಳ ಸಿಪ್ಪೆಯನ್ನು ಕಾನಸಿನಿಂದ, ಅಂದರೆ ಅರದಿಂದ, ಒಂದು ಕಡೆ ತುಸು ತಿಕ್ಕಿ ಮತ್ತೆ ನೆನೆಸಿ. ಒಲೆಯ ಮೇಲೇ ಬೇಯಿಸಿದರೆ ಪಲ್ಯವಾಗುತ್ತದೆ, ಅಷ್ಟೇ. ನೀರಿನಲ್ಲಿ ತೇಲಿದ್ದು ಜೊಳ್ಳು ಎಂಬ ಪರೀಕ್ಷೆ ಭಾರದ ಬೀಜಗಳಿಗೆ ಸರಿ. ಬೂರುಗದಂಥ ಹಗುರ ಬೀಜಗಳನ್ನು ಹಾಗೆ ತೀರ್ಮಾನಿಸಬಾರದು. ಧೂಪದ ಸಾಲಯಿ ಬೀಜ ಕಡಿಮೆ ಮೊಳೆಯುತ್ತದೆ ಎಂದು ಮೊದಲೇ ತಿಳಿದಿರಲಿ.

ಇನ್ನು ನೆನಪಿನ ಸಸಿ. ಇದರಲ್ಲಿ ಜಗಳವಾಗುವುದು ಮೂರು ವಿಷಯಕ್ಕೆ: ಯಾವ ಮರ, ಯಾವ ದಿನ, ಹೆಸರಿನ ಫಲಕ.

ಮನೆಯವರು ಕೇಳುವುದು ಮಾವು, ಆಲ, ಶ್ರೀಗಂಧ, ಕೆಲವರು ಗುಲ್‌ಮೊಹರ್. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರ್ ರಸ್ತೆಗೆ ಇರಲಿ. ಟೇಕಡಿಗಾಗಲೇ ಒಂದು ಪರದೇಶಿ ಮರದ ಭಾರ ಸಾಕಾಗಿದೆ. ಮೆಕ್ಸಿಕೊ, ಮಧ್ಯ ಅಮೆರಿಕದ ಗ್ಲಿರಿಸಿಡಿಯಾವನ್ನು, ನಮ್ಮೂರ ಕಡೆ ಗೊಬ್ಬರದ ಗಿಡ ಎನ್ನುತ್ತಾರಲ್ಲ ಅದನ್ನು, ಬೇಗ ಹಸಿರಾಗಲಿ ಎಂದು ಈ ಗುಡ್ಡಗಳ ತುಂಬ ಹಚ್ಚಿದ್ದರು. ಅದರ ನಡುವೆ ಬೇರೆ ಸಸಿ ಏಳಲು ಒದ್ದಾಡುತ್ತದೆ. ಕಡಿಯೋಣವೆಂದರೆ 1975ರ ಮಹಾರಾಷ್ಟ್ರ ನಗರ ಪ್ರದೇಶಗಳ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಮುಟ್ಟುವಂತಿಲ್ಲ. ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ಶ್ರೀಗಂಧ ಬೇರೆ ಗಿಡದ ಬೇರಿನಿಂದ ಆಹಾರ ಹೀರಿ ಬೆಳೆಯುವಂಥದ್ದು, ಜತೆಗೆ ಕಳ್ಳರ ಕಣ್ಣು. ಆಲ ದೊಡ್ಡದು, ತೆಳು ಮಣ್ಣಿನ ನೆತ್ತಿಯಲ್ಲಿ ಅದಕ್ಕೆ ಜಾಗವಿಲ್ಲ. ದೇವರ ಮರವೇ ಬೇಕೆಂದರೆ ಬಿಲ್ವಪತ್ರೆಗೆ ಒಪ್ಪಿಸುತ್ತೇವೆ, ಒಣ ನೆಲ ತಾಳಿಕೊಳ್ಳುತ್ತದೆ. ಉಳಿದಂತೆ ಮುತ್ತುಗ, ಕಕ್ಕೆ, ದಿಂಡಿಗ, ಖೈರ, ಹಾಲೆ, ಕಲ್ಲುಸಂದಿಗೆ ಬಿಳಿ ತೊಗಟೆಯ ಕಾಂಡೋಳ. ಆಪಟಾ ಹಚ್ಚಬಹುದು. ಆದರೆ ದಸರೆಯ ದಿನ ಬನ್ನಿ ಬಂಗಾರ ಹಂಚುವ ಸಂಭ್ರಮದಲ್ಲಿ ಜನ ಅದರ ಎಲೆಯೆಲ್ಲ ಬೋಳಿಸುತ್ತಾರೆ, ಆ ವಾರ ಕಾವಲಿಗೆ ಒಬ್ಬರು ಬೇಕು.

ಜಾಗ ಆರಿಸುವಾಗ ಮರವಿಲ್ಲದ ನೆಲವನ್ನೆಲ್ಲ ಖಾಲಿ ಎಂದು ತಿಳಿಯಬಾರದು. ನೆತ್ತಿಯ ಹುಲ್ಲುಗಾವಲಿನಲ್ಲಿ ಮಳೆಗಾಲಕ್ಕೆ ನೆಲ ಆರ್ಕಿಡ್‌ಗಳು ಏಳುತ್ತವೆ, ನೆಲಗೂಡಿನ ಹಕ್ಕಿಗಳಿರುತ್ತವೆ. ಅಲ್ಲಿ ಯಾರ ನೆನಪಿಗೂ ಗುಂಡಿ ತೋಡುವುದಿಲ್ಲ. ಆಮೇಲೆ ಒಡೆತನದ ಪ್ರಶ್ನೆ. ಒಂದೇ ಟೇಕಡಿಯಲ್ಲಿ ಅರಣ್ಯ ಇಲಾಖೆ, ಮಹಾನಗರಪಾಲಿಕೆ, ಸಂಸ್ಥೆಗಳು, ಖಾಸಗಿಯವರು ಎಂದು ತುಂಡುತುಂಡಾಗಿರುತ್ತದೆ. ಸಾತ್‌ಬಾರಾ ಉತಾರಾ, ಅಂದರೆ ಇಲ್ಲಿನ ಪಹಣಿ, ತೆಗೆಸಿ ನೋಡಿ ಸಂಬಂಧಪಟ್ಟವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಬಾಯಿಮಾತಿನ ಒಪ್ಪಿಗೆ ಅಧಿಕಾರಿಯ ವರ್ಗಾವಣೆಯ ಜತೆಗೇ ಹೋಗುತ್ತದೆ. ಗುಂಡಿ ಮಳೆಗೆ ಮೊದಲೇ ತಯಾರಾಗಬೇಕಾದ್ದರಿಂದ ಅರ್ಜಿ ಮಾರ್ಚ್‌ನಲ್ಲೇ ಹೋಗಿರಬೇಕು.

ಗುಂಡಿ ಉದ್ದ, ಅಗಲ, ಆಳ ಮೂರೂ 45 ಸೆಂಟಿಮೀಟರ್, ಮಣ್ಣಿದ್ದಲ್ಲಿ 60. ದಖ್ಖನ್ನಿನ ಲಾವಾ ಕಲ್ಲಿನ ಮೇಲೆ ಬಹಳ ಕಡೆ ಮಣ್ಣು ಒಂದು ಗೇಣಷ್ಟೇ, ಕೆಳಗೆ ಮುರುಮು, ಅಂದರೆ ಸಡಿಲಗೊಂಡ ಕಲ್ಲು. ಮುರುಮು ಹಾರೆಗೆ ಬಿಡಿಸಿಕೊಂಡು ಬರುತ್ತದೆ, ಬೇರೂ ಇಳಿಯುತ್ತದೆ. ಹಾರೆ ಠಣ್ಣೆಂದರೆ ಎರಡು ಹೆಜ್ಜೆ ಸರಿಯಿರಿ. ತೋಡಿದ ಗುಂಡಿಗೆ ಸಂಜೆ ಒಂದು ಕೊಡ ನೀರು ಹಾಕಿ. ಬೆಳಿಗ್ಗೆಯೂ ನಿಂತಿದ್ದರೆ ಅಡಿಯಲ್ಲಿ ಹಾಸುಗಲ್ಲಿದೆ ಎಂದರ್ಥ, ಅಲ್ಲಿ ಹಚ್ಚಿದ ಗಿಡದ ಬೇರು ಜುಲೈನಲ್ಲಿ ನೀರು ನಿಂತು ಕೊಳೆಯುತ್ತದೆ, ಕೊಳೆಯದೆ ಉಳಿದರೆ ಮಾರ್ಚ್‌ನಲ್ಲಿ ಒಣಗುತ್ತದೆ. ತುಂಬುವಾಗ ಮೇಲ್ಮಣ್ಣಿಗೆ ನಾಲ್ಕೈದು ಕಿಲೋ ಚೆನ್ನಾಗಿ ಕಳಿತ ಗೊಬ್ಬರ, ಗೆದ್ದಲಿಗೆ ಎರಡು ಹಿಡಿ ಬೇವಿನ ಹಿಂಡಿ. ಹೊರಗಿನಿಂದ ಲಾರಿಯಲ್ಲಿ ಕಪ್ಪು ಮಣ್ಣು ತರಿಸಬೇಡಿ. ಒಣಗಿದಾಗ ಬಿರಿದು ಬೇರು ಹರಿಯುತ್ತದೆ, ಜತೆಗೆ ಕಾಂಗ್ರೆಸ್ ಗಿಡದ ಬೀಜ ಬರುತ್ತದೆ. ದೇಶಕ್ಕೆಲ್ಲ ಹಬ್ಬಿದ ಆ ಕಳೆ 1950ರ ದಶಕದಲ್ಲಿ ಗಮನಕ್ಕೆ ಬಂದದ್ದು ಇದೇ ಪುಣೆಯಲ್ಲಿ. ಮತ್ತೆ ಹೊತ್ತು ತರುವ ಅಗತ್ಯವಿಲ್ಲ.

ದಿನದ ವಿಷಯ. ಪುಣ್ಯತಿಥಿಯಂದೇ ಸಸಿ ಹಚ್ಚಬೇಕು ಎಂದು ಮನೆಯವರಿಗೆ ಆಸೆ. ತಿಥಿ ಏಪ್ರಿಲ್‌ನಲ್ಲಿ ಬಂದರೆ ಆ ದಿನ ಅವರ ಕೈಯಿಂದ ಹೋದವರ ಸುತ್ತಿನ ಗಿಡಗಳಿಗೆ ನೀರು ಹಾಕಿಸುತ್ತೇವೆ. ಬಿಸಿಲಲ್ಲಿ ಆರು ಕ್ಯಾನ್ ಹೊತ್ತ ಮೇಲೆ ಮಕ್ಕಳಿಗೆ ತಮ್ಮ ತಂದೆ ಮಾಡುತ್ತಿದ್ದದ್ದೇನೆಂದು ಯಾವ ಭಾಷಣಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಹಚ್ಚುವುದು ಮಾತ್ರ ಮಳೆ ಹೇಳಿದಾಗ. ಪುಣೆಗೆ ಮುಂಗಾರು ಸಾಮಾನ್ಯವಾಗಿ ಜೂನ್ ಎರಡನೇ ವಾರಕ್ಕೆ ಮುಟ್ಟಿದರೂ ಮೊದಲ ಮಳೆಗೆ ನಂಬಿ ಹಚ್ಚಬಾರದು, ಹತ್ತು ಹದಿನೈದು ದಿನ ಕೈಕೊಡುವುದುಂಟು. ಗುಂಡಿಯ ಮಣ್ಣಿಗೆ ಹಾರೆ ಇಳಿಸಿ ಒಂದಡಿಯವರೆಗೆ ತೇವ ಇದೆಯೇ ನೋಡಿ. ಇದ್ದರೆ ಹಚ್ಚಬಹುದು, ಬಹುತೇಕ ಜೂನ್ ಕೊನೆ ಅಥವಾ ಜುಲೈ.

ಸಸಿ ಮೂರರಿಂದ ಐದಡಿ ಇರಲಿ. ಅದಕ್ಕಿಂತ ಚಿಕ್ಕದು ಹುಲ್ಲಿನಲ್ಲಿ ಮುಳುಗುತ್ತದೆ. ಎಂಟಡಿಯದ್ದು ಫೋಟೊಕ್ಕೆ ಚಂದ, ಚಿಕ್ಕ ಚೀಲದಲ್ಲಿ ಅದರ ಬೇರು ಸುರುಳಿ ಸುತ್ತಿಕೊಂಡಿರುತ್ತದೆ. ಪ್ಲಾಸ್ಟಿಕ್ ಪೂರ್ತಿ ತೆಗೆದು, ತಳದ ಎರಡು ಸೆಂಟಿಮೀಟರ್ ಬೇರುಮಣ್ಣು ಕತ್ತರಿಸಿ ಸುರುಳಿ ಬಿಡಿಸಬೇಕು. ಗಣ್ಯರು ಬಂದ ದಿನ ಗಡಿಬಿಡಿಯಲ್ಲಿ ಚೀಲದ ಸಮೇತ ಇಟ್ಟ ಸಸಿಗಳು ಎರಡನೇ ಬೇಸಿಗೆಗೆ ಒಣಗುತ್ತವೆ. ಕಿತ್ತು ನೋಡಿದರೆ ಚೀಲ ಹಾಗೇ ಇರುತ್ತದೆ. ಕೋಲಿಗೆ ಕಟ್ಟುವುದು ಹತ್ತಿ ಬಟ್ಟೆಯಿಂದ, ಎಂಟರ ಆಕಾರದಲ್ಲಿ, ಸಡಿಲವಾಗಿ. ಬುಡಕ್ಕೆ ಒಣ ಎಲೆ ಹೊದಿಸುವುದು ತೋಟಕ್ಕೆ ಸರಿ. ಟೇಕಡಿಯಲ್ಲಿ ಅದೇ ಬೆಂಕಿಗೆ ಮೇವು. ಅಂಗೈಯಗಲದ ಕಲ್ಲುಗಳನ್ನೇ ಜೋಡಿಸಿ, ತೇವವೂ ನಿಲ್ಲುತ್ತದೆ, ಉರಿಯುವುದೂ ಇಲ್ಲ.

ಬೆಂಕಿಯ ಕೆಲಸ ಮಾಡುತ್ತಿದ್ದವರ ಜಾಗ ತುಂಬುವುದು ಎಲ್ಲಕ್ಕಿಂತ ಕಷ್ಟ. ಡಿಸೆಂಬರಿಗೆ ಹುಲ್ಲು ಒಣಗುತ್ತದೆ. ಮಳೆ ಬರುವವರೆಗೆ ಒಂದು ಬೀಡಿ, ಒಂದು ಪಾರ್ಟಿಯ ಒಲೆ ಸಾಕು. ಅಷ್ಟರೊಳಗೆ ಕಾಲುದಾರಿಯ ಪಕ್ಕ ಮೂರು ಮೀಟರ್ ಅಗಲ ಹುಲ್ಲು ಕೊಯ್ದು ಬೆಂಕಿರೇಖೆ ಮಾಡಬೇಕು, ಪ್ರತಿ ಸಸಿಯ ಸುತ್ತ ಒಂದು ಮೀಟರ್ ಬೋಳಿಸಬೇಕು. ಕೊಯ್ದ ಹುಲ್ಲನ್ನು ಅಲ್ಲೇ ಬಿಟ್ಟರೆ ಕೊಯ್ದೂ ವ್ಯರ್ಥ. ಹೊಗೆ ಕಂಡರೆ 101ಕ್ಕೆ, ಅರಣ್ಯ ಇಲಾಖೆಯ 1926ಕ್ಕೆ ಫೋನ್, ಆಮೇಲೆ ಹಸಿ ಗ್ಲಿರಿಸಿಡಿಯಾ ಟೊಂಗೆಯಿಂದ ಅಂಚಿನ ಜ್ವಾಲೆಯನ್ನು ಬಡಿಯುವುದು, ಗಾಳಿ ಬೀಸಿ ಬರುವ ಕಡೆಯಿಂದ, ಬೆಂಕಿಯ ಹಿಂದೆ ನಿಂತು. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುವುದರಿಂದ ಅದಕ್ಕಿಂತ ಮೇಲೆ ನಿಲ್ಲಬಾರದು. ನೈಲಾನ್ ಬಟ್ಟೆ ಬೇಡ. ಬಾಲ್ಕನಿಯಿಂದ ದಿನಾ ಮಧ್ಯಾಹ್ನ ಗುಡ್ಡ ನೋಡುತ್ತ ಕೂತು ಹೊಗೆ ಎದ್ದಕೂಡಲೇ ಫೋನ್ ಮಾಡುವ, ಮಂಡಿನೋವಿನಿಂದ ಮೇಲೆ ಏರಲಾಗದ ಅಜ್ಜಿಯಂದಿರನ್ನೂ ವಹಿಯಲ್ಲಿ ಸ್ವಯಂಸೇವಕರ ಪಟ್ಟಿಗೇ ಸೇರಿಸಿದ್ದೇವೆ. ಅವರು ಹೋದ ಮೇಲೆ ಅದೇ ಕಟ್ಟಡದಲ್ಲಿ ಇನ್ನೊಂದು ಕಣ್ಣು ಹುಡುಕಬೇಕಾಗುತ್ತದೆ.

ಫಲಕಕ್ಕೆ ನಾವು ಒಪ್ಪುವುದಿಲ್ಲ. ಅರಣ್ಯದ ನೆಲದಲ್ಲಿ ಅದಕ್ಕೆ ಬೇರೆ ಅನುಮತಿ ಬೇಕು ಎಂಬುದು ಒಂದು ಕಾರಣ. ಫಲಕ ಹಾಕಿದ ಗಿಡಕ್ಕೆ ಎಲ್ಲರೂ ನೀರು ಹಾಕಿ ಪಕ್ಕದ ಗಿಡ ಒಣಗುವುದು ಇನ್ನೊಂದು. ಹೆಸರು ಇರುವುದು ವಹಿಯಲ್ಲಿ: ಹುಟ್ಟಿದ ಊರು, ಮಾಡಿದ ಕೆಲಸ, ಸುತ್ತಿನ ನಕ್ಷೆ, ಈಗ ಅದನ್ನು ಹೊತ್ತವರು. ಸುತ್ತನ್ನು ಅವರ ಹೆಸರಿನಿಂದಲೇ ಕರೆಯುತ್ತೇವೆ. ಇಂಥ ಕಾಕಾನ ಸುತ್ತು ಇವತ್ತು ನನ್ನದು ಎಂದು ಕಾಲೇಜಿನ ಹುಡುಗಿ ಮೆಸೇಜ್ ಹಾಕುತ್ತಾಳೆ. ಆಕೆ ಅವರನ್ನು ನೋಡಿರುವುದೇ ಇಲ್ಲ.

ನೆನಪಿನ ಸಸಿ ಸತ್ತರೆ ಏನು ಮಾಡಬೇಕೆಂಬುದನ್ನು ಹಚ್ಚುವ ದಿನವೇ ಮನೆಯವರೊಂದಿಗೆ ಮಾತಾಡಿ ಮುಗಿಸಬೇಕು. ಮುತ್ತುಗವಾದರೆ ಮೇನಲ್ಲಿ ಸತ್ತಂತೆ ಕಾಣುತ್ತದೆ, ಗಾಬರಿಯಾಗಬೇಡಿ ಎಂದು ಹೇಳಿಡಿ. ನಿಜಕ್ಕೂ ಸತ್ತರೆ, ಗುಟ್ಟಾಗಿ ಅದೇ ಗುಂಡಿಗೆ ಇನ್ನೊಂದು ತಂದಿಟ್ಟು ಅದೇ ಎಂದು ಹೇಳುವ ಗುಂಪುಗಳಿವೆ. ನಾವು ಹಾಗೆ ಮಾಡುವುದಿಲ್ಲ. ಬೇರು ಕಿತ್ತು ಕಾರಣ ನೋಡಿ, ಗೆದ್ದಲೋ ಹಾಸುಗಲ್ಲೋ ಮೇಕೆಯೋ ಎಂದು ವಹಿಯಲ್ಲಿ ಬರೆದು, ಮನೆಯವರಿಗೆ ತಿಳಿಸಿ, ಮುಂದಿನ ಜುಲೈಗೆ ಬೇರೆ ಗುಂಡಿ ತೋಡುತ್ತೇವೆ. ಹಾಸುಗಲ್ಲು ಕಾರಣವಾಗಿದ್ದರೆ ಆ ಜಾಗಕ್ಕೆ ನಕ್ಷೆಯಲ್ಲಿ ಕೆಂಪು ಗುರುತು ಹಾಕುತ್ತೇವೆ, ಇನ್ನೊಬ್ಬರು ಅಲ್ಲಿ ಹಾರೆ ಹಾಕದಿರಲಿ ಎಂದು.